ಬ್ಯಾನ್ ಆದವರು ವೆಬ್ ಪ್ರಾಕ್ಸಿ ಹಿಡಿದು ಮತ್ತೆ ಒಳಗೆ ಬರುತ್ತಿದ್ದಾರೆ, ತಡೆಯುವುದು ಹೇಗೆ?

ತೋಟದಕಟ್ಟೆ (ಪ್ರಶ್ನೆ)

ಅಡಿಕೆ, ಕಾಳುಮೆಣಸು ಬೆಳೆಗಾರರ ಫೋರಂ ಒಂದರ ಅಡ್ಮಿನ್ ಕೆಲಸ ನನ್ನ ಪಾಲಿನದು. ಫೋರಂ ತಂತ್ರಾಂಶ ಪಿಎಚ್‌ಪಿಬಿಬಿ 3.3, ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್) ಮೇಲೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಮುಂದುಗಡೆ ಬರುವ ಸಂಪರ್ಕಗಳನ್ನು ಮೊದಲು ತಾನು ಪಡೆದು ದಾಟಿಸುವ ಕ್ಲೌಡ್‌ಫ್ಲೇರ್ ಸೇವೆಯ ಉಚಿತ ಪ್ಲಾನ್. ಸದಸ್ಯರನ್ನು ಏಕವಚನದಲ್ಲಿ ಬೈಯುತ್ತ, ಕೊಳೆರೋಗಕ್ಕೆ ಬಾಯಿಗೆ ಬಂದ ಪ್ರಮಾಣದಲ್ಲಿ ಔಷಧಿ ಹೇಳುತ್ತಿದ್ದ ಒಬ್ಬರನ್ನು ಬ್ಯಾನ್ ಮಾಡಿದ್ದೇವೆ. ಶೇ 1ರ ಬೋರ್ಡೋ ದ್ರಾವಣ ಹೊಡೆಯುವ ಕಡೆ ಇವರ ಮಾತು ನಂಬಿ ಇನ್ನೇನೋ ಹೊಡೆದರೆ ಹೋಗುವುದು ರೈತರ ಫಸಲು. ಹಾಗಾಗಿ ಇದನ್ನು ಸುಮ್ಮನೆ ಬಿಡುವಂತಿಲ್ಲ.

ಹೆಸರು, ಇಮೇಲ್, ಐಪಿ (ಅಂತರ್ಜಾಲದ ವಿಳಾಸ ಸಂಖ್ಯೆ) ಮೂರನ್ನೂ ಬ್ಯಾನ್ ಪಟ್ಟಿಗೆ ಹಾಕಿದೆವು. ಅವರು ಯಾವುದಾದರೂ ಉಚಿತ ವೆಬ್ ಪ್ರಾಕ್ಸಿ ತಾಣ ತೆರೆದು, ಅದರೊಳಗೆ ನಮ್ಮ ವಿಳಾಸ ಹಾಕಿ, ಹೊಸ ಹೆಸರಲ್ಲಿ ನೋಂದಾಯಿಸಿಕೊಂಡು ಬರುತ್ತಾರೆ. ಆ ಪ್ರಾಕ್ಸಿಯ ಐಪಿ ಮುಚ್ಚಿದರೆ ಮರುದಿನ ಇನ್ನೊಂದು. ಇಂಥ ಪ್ರಾಕ್ಸಿಗಳನ್ನು ಒಟ್ಟಾಗಿ ಗುರುತಿಸುವ ದಾರಿ ಇದೆಯೇ? ನಮ್ಮ ಹೆಚ್ಚಿನ ಸದಸ್ಯರು ಮೊಬೈಲ್ ಡೇಟಾದವರು, ಅವರಿಗೆ ತೊಂದರೆಯಾಗಬಾರದು. ಲಾಗಿನ್ ಆಗದೆ ಬರೀ ಓದಿಕೊಂಡು ಹೋಗುವವರೂ ಬಹಳ, ಅವರಿಗೆ ಬಾಗಿಲು ಹಾಕುವಂತಿಲ್ಲ.

ಜಾಲಕಾವಲು

ಮೊದಲು ಒಂದು ಪರೀಕ್ಷೆ ಮಾಡಿ. ಮಾಡರೇಟರ್ ಫಲಕದಲ್ಲಿ ಯಾರದಾದರೂ ಪೋಸ್ಟ್ ತೆರೆದು ಅದರ ಐಪಿ ನೋಡಿ. 162.158, 172.64 ರಿಂದ 172.71, ಅಥವಾ 104.16 ರಿಂದ 104.23 ಎಂದು ಶುರುವಾಗುವ ವಿಳಾಸಗಳೇ ಎಲ್ಲರಿಗೂ ಕಾಣಿಸುತ್ತಿದ್ದರೆ ಅವು ಸದಸ್ಯರವಲ್ಲ, ಕ್ಲೌಡ್‌ಫ್ಲೇರ್‌ನವು. ಪಿಎಚ್‌ಪಿಬಿಬಿ ತನಗೆ ನೇರ ಸಂಪರ್ಕ ಕೊಟ್ಟ ಯಂತ್ರದ ಐಪಿಯನ್ನಷ್ಟೇ ನಂಬುತ್ತದೆ. ನಡುವೆ ಕ್ಲೌಡ್‌ಫ್ಲೇರ್ ಕೂತಿದ್ದರೆ ಅದಕ್ಕೆ ಕಾಣುವುದು ಕ್ಲೌಡ್‌ಫ್ಲೇರ್ ಮಾತ್ರ. ಈ ಸ್ಥಿತಿಯಲ್ಲಿ ಒಂದು ಐಪಿ ಬ್ಯಾನ್ ಮಾಡಿದರೆ ಆ ದಾರಿಯಲ್ಲಿ ಬರುವ ಎಲ್ಲ ಸದಸ್ಯರೂ ಹೊರಗೆ, ಬ್ಯಾನ್ ಆಗಬೇಕಾದವರು ಮಾತ್ರ ಇನ್ನೊಂದು ದಾರಿಯಲ್ಲಿ ಒಳಗೆ.

ಇದನ್ನು ಸರಿಪಡಿಸಲು ಎಂಜಿನ್‌ಎಕ್ಸ್‌ನ ರಿಯಲ್ ಐಪಿ ಮಾಡ್ಯೂಲ್ ಬಳಸಿ. ಕ್ಲೌಡ್‌ಫ್ಲೇರ್ ತನ್ನ ಐಪಿ ಶ್ರೇಣಿಗಳನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಆ ಪ್ರತಿಯೊಂದು ಶ್ರೇಣಿಯನ್ನೂ, ಐಪಿವಿ4 ಮತ್ತು ಐಪಿವಿ6 (ಹಳೆಯ ಮತ್ತು ಹೊಸ ಕ್ರಮದ ಐಪಿ) ಎರಡನ್ನೂ, ನಂಬಬಹುದಾದ ಮೂಲವೆಂದು ಬರೆದು, ನಿಜ ಐಪಿಯನ್ನು 'ಸಿಎಫ್ ಕನೆಕ್ಟಿಂಗ್ ಐಪಿ' ಹೆಡರ್‌ನಿಂದ (ವಿನಂತಿಯ ಜೊತೆ ಬರುವ ಮಾಹಿತಿ ಸಾಲು) ತೆಗೆದುಕೊಳ್ಳಲು ಹೇಳಿ. 'ಎಕ್ಸ್ ಫಾರ್ವರ್ಡೆಡ್ ಫಾರ್' ಹೆಡರ್ ಅನ್ನು ಹಾಗೇ ನಂಬಬೇಡಿ. ಅದರಲ್ಲಿ ಏನು ಬೇಕಾದರೂ ಬರೆದು ಕಳಿಸುವುದು ಎದುರಿನವರ ಕೈಯಲ್ಲಿದೆ. ಆಮೇಲೆ ಸರ್ವರ್‌ನ ಫೈರ್‌ವಾಲ್‌ನಲ್ಲಿ ವೆಬ್ ಸಂಪರ್ಕ ಬರುವ 80 ಮತ್ತು 443ನೇ ಪೋರ್ಟ್‌ಗಳನ್ನು ಕ್ಲೌಡ್‌ಫ್ಲೇರ್ ಶ್ರೇಣಿಗಳಿಗೆ ಮಾತ್ರ ತೆರೆದಿಡಿ. ಇದನ್ನು ಬಿಟ್ಟರೆ, ಕ್ಲೌಡ್‌ಫ್ಲೇರ್ ಹಿಂದೆ ಇರುವ ವಿಪಿಎಸ್‌ನ ವಿಳಾಸ ಗೊತ್ತಾದವರು ನೇರವಾಗಿ ಅಲ್ಲಿಗೇ ಬರುತ್ತಾರೆ, ನೀವು ಕ್ಲೌಡ್‌ಫ್ಲೇರ್‌ನಲ್ಲಿ ಬರೆದ ಒಂದು ನಿಯಮವೂ ಅವರಿಗೆ ತಾಗುವುದಿಲ್ಲ.

ಇನ್ನು ಪ್ರಾಕ್ಸಿ ಗುರುತಿಸುವ ವಿಷಯ. ಒಂದೊಂದೇ ಐಪಿ ಹಿಡಿಯಲು ಹೋದರೆ ಅದು ಮುಗಿಯುವ ಕೆಲಸವಲ್ಲ. ಆ ಐಪಿ ಯಾರ ಜಾಲಕ್ಕೆ ಸೇರಿದ್ದು ಎಂದು ನೋಡಬೇಕು. ಉಚಿತ ವೆಬ್ ಪ್ರಾಕ್ಸಿಗಳು ಬಹುಪಾಲು ಬಾಡಿಗೆ ಸರ್ವರ್‌ಗಳ ಮೇಲೆ ನಡೆಯುತ್ತವೆ. ಪ್ರತಿ ಜಾಲಕ್ಕೂ ಒಂದು ಎಎಸ್ ಸಂಖ್ಯೆ ಇರುತ್ತದೆ: ಡಿಜಿಟಲ್‌ಓಷನ್ 14061, ಓವಿಎಚ್ 16276, ಹೆಟ್ಸ್‌ನರ್ 24940, ಅಮೆಜಾನ್ 16509. ಮನೆಯಿಂದಲೋ ಮೊಬೈಲ್‌ನಿಂದಲೋ ಬರುವ ನಮ್ಮ ಜನ ಜಿಯೋ 55836, ಏರ್‌ಟೆಲ್ 24560 ಮತ್ತು 45609, ಬಿಎಸ್‌ಎನ್‌ಎಲ್ 9829 ಇಂಥವುಗಳಿಂದ ಬರುತ್ತಾರೆ. ತೋಟದಲ್ಲಿ ನಿಂತು ಎಲೆಚುಕ್ಕಿ ರೋಗದ ಫೋಟೊ ಹಾಕುವವರು ಜರ್ಮನಿಯ ಬಾಡಿಗೆ ಸರ್ವರ್‌ನಿಂದ ನೋಂದಾಯಿಸಿಕೊಳ್ಳಲು ಕಾರಣವೇ ಇಲ್ಲ. ಈವರೆಗೆ ಸಿಕ್ಕಿಬಿದ್ದ ಐಪಿಗಳನ್ನು ಹೂಈಸ್‌ನಲ್ಲಿ (ಐಪಿ ಯಾರದೆಂದು ತಿಳಿಸುವ ಸೇವೆ) ಹಾಕಿ ನೋಡಿ, ಕೆಲವೇ ಜಾಲಗಳು ಮತ್ತೆ ಮತ್ತೆ ಬರುತ್ತಿರುತ್ತವೆ.

ಕ್ಲೌಡ್‌ಫ್ಲೇರ್ ಉಚಿತ ಪ್ಲಾನ್‌ನಲ್ಲಿ ಐದು ಕಸ್ಟಮ್ ನಿಯಮ ಸಿಗುತ್ತವೆ, ನಿಮಗೆ ಒಂದು ಸಾಕು. ಎಎಸ್ ಸಂಖ್ಯೆ ನಿಮ್ಮ ಪಟ್ಟಿಯಲ್ಲಿದ್ದರೆ ಅಥವಾ ದೇಶದ ಕೋಡ್ 'ಟಿ1' ಆಗಿದ್ದರೆ (ಗುರುತು ಮರೆಸುವ ಟಾರ್ ಜಾಲಕ್ಕೆ ಕ್ಲೌಡ್‌ಫ್ಲೇರ್ ಇಟ್ಟ ಕೋಡ್ ಇದು), ಮತ್ತು ಕೇಳುತ್ತಿರುವ ಪುಟ ನೋಂದಣಿಯದ್ದು ಅಥವಾ ಪೋಸ್ಟ್ ಹಾಕುವುದಾಗಿದ್ದರೆ, ಕ್ರಮ 'ಮ್ಯಾನೇಜ್ಡ್ ಚಾಲೆಂಜ್' (ಬಂದವರು ಮನುಷ್ಯರೇ ಎಂದು ನೋಡುವ ಪರೀಕ್ಷೆ). ಪಿಎಚ್‌ಪಿಬಿಬಿಯಲ್ಲಿ ನೋಂದಣಿಯೂ ಲಾಗಿನ್ನೂ ಖಾಸಗಿ ಸಂದೇಶವೂ ಯುಸಿಪಿ ಎಂಬ ಒಂದೇ ಕಡತದ ಮೂಲಕ ಹೋಗುತ್ತವೆ. ಹಾಗಾಗಿ ಬರೀ ಕಡತದ ಹೆಸರು ನೋಡಿದರೆ ಸಾಲದು, ವಿಳಾಸದಲ್ಲಿ 'ಮೋಡ್ ರಿಜಿಸ್ಟರ್' ಇದೆಯೇ ಎಂಬುದನ್ನೂ ಸೇರಿಸಿ.

ಇಡೀ ತಾಣಕ್ಕೆ ಈ ನಿಯಮ ಹಾಕಲೇಬೇಡಿ. ಗೂಗಲ್‌ನ ಹುಡುಕುಬಾಟ್ ಬರುವುದು 15169 ಜಾಲದಿಂದ. ಬಿಂಗ್ ಬಾಟ್ ಬರುವ 8075ರಲ್ಲೇ ಮೈಕ್ರೋಸಾಫ್ಟ್‌ನ ಬಾಡಿಗೆ ಸರ್ವರ್‌ಗಳೂ ಇವೆ. ಓದುವುದನ್ನೂ ಮುಚ್ಚಿದರೆ ಹುಡುಕಾಟದಲ್ಲಿ ಫೋರಂ ಮರೆಯಾಗುತ್ತದೆ, ಫೇಸ್‌ಬುಕ್, ಟೆಲಿಗ್ರಾಂನಲ್ಲಿ ಲಿಂಕ್ ಹಾಕಿದಾಗ ಪೂರ್ವನೋಟ ಬರುವುದಿಲ್ಲ, ಆರ್‌ಎಸ್‌ಎಸ್ ಫೀಡ್ (ಹೊಸ ಪೋಸ್ಟ್‌ಗಳನ್ನು ಬೇರೆಡೆ ತೋರಿಸುವ ಪಟ್ಟಿ) ನಿಲ್ಲುತ್ತದೆ. ಓದಲು ಎಲ್ಲರಿಗೂ ಬಿಡಿ. ಬರೆಯುವ ಕಡೆಗೆ ಮಾತ್ರ ಕಾವಲು.

ಕ್ಲೌಡ್‌ಫ್ಲೇರ್ ಇಲ್ಲದವರು ಇದನ್ನೇ ಎಂಜಿನ್‌ಎಕ್ಸ್‌ನಲ್ಲಿ ಮಾಡಬಹುದು: 'ಜಿಯೊ' ಬ್ಲಾಕ್‌ನಲ್ಲಿ ಐಪಿ ಶ್ರೇಣಿಗಳಿಗೆ 1, ಉಳಿದವಕ್ಕೆ 0 ಕೊಟ್ಟು, 'ಮ್ಯಾಪ್'ನಲ್ಲಿ ಆ ಅಂಕಿಯನ್ನು ವಿನಂತಿಯ ವಿಧಾನದ ಜೊತೆ ಜೋಡಿಸಿ, 'ಪೋಸ್ಟ್' ವಿಧಾನದ ವಿನಂತಿ (ಓದುವುದಲ್ಲ, ಫಾರ್ಮ್ ತುಂಬಿ ಕಳಿಸುವುದು) ಮತ್ತು 1 ಕೂಡಿದಾಗ ಮಾತ್ರ 403 (ಪ್ರವೇಶವಿಲ್ಲ ಎಂಬ ಉತ್ತರ) ಕಳಿಸುವುದು. ಯಾವ ಐಪಿ ಯಾವ ಎಎಸ್‌ಗೆ ಸೇರಿದ್ದು ಎಂಬುದಕ್ಕೆ ಮ್ಯಾಕ್ಸ್‌ಮೈಂಡ್‌ನ ಜಿಯೊಲೈಟ್2 ಎಎಸ್‌ಎನ್ ದತ್ತಾಂಶ ಉಚಿತ. 2019ರ ಕೊನೆಯಿಂದ ಅದಕ್ಕೆ ಖಾತೆ ತೆರೆದು ಕೀ ಪಡೆಯಬೇಕು. ಒಮ್ಮೆ ಇಳಿಸಿಕೊಂಡು ಮರೆತರೆ ಐಪಿಗಳು ಕೈ ಬದಲಾಗಿ ಪಟ್ಟಿ ಹಳಸುತ್ತದೆ, ವಾರಕ್ಕೊಮ್ಮೆ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ತಾನಾಗಿ ನಡೆಸುವ ವ್ಯವಸ್ಥೆ) ಹೊಸದು ತರಿಸಿ. ಟಾರ್‌ನ ನಿರ್ಗಮನ ಐಪಿಗಳ ಪಟ್ಟಿಯನ್ನು ಟಾರ್ ಪ್ರಾಜೆಕ್ಟೇ ಪ್ರಕಟಿಸುತ್ತದೆ. ಅದು ದಿನವಿಡೀ ಬದಲಾಗುವುದರಿಂದ ಗಂಟೆಗೊಮ್ಮೆ ತರಿಸಬೇಕು.

ಸಹ್ಯಾದ್ರಿ

ಜಾಲಕಾವಲು ಸರ್ ಹೇಳಿದ್ದು ಸರಿ. ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ಹುಡುಕುವ ವ್ಯವಸ್ಥೆ) ಮೂಲಕ ಕೇಳಿ ನೋಡುವ ಕೆಟ್ಟ ಐಪಿಗಳ ಕಪ್ಪುಪಟ್ಟಿಯ ಮಾತು ಅದರಲ್ಲಿ ಬರಲಿಲ್ಲ, ಅದನ್ನು ಸೇರಿಸುತ್ತೇನೆ. ಪಿಎಚ್‌ಪಿಬಿಬಿಯ ಭದ್ರತಾ ಸೆಟ್ಟಿಂಗ್‌ನಲ್ಲಿ ನೋಂದಣಿ ಮತ್ತು ಪೋಸ್ಟ್ ಹೊತ್ತಿನಲ್ಲಿ ಐಪಿಯನ್ನು ಸ್ಪ್ಯಾಮ್‌ಕಾಪ್, ಸ್ಪ್ಯಾಮ್‌ಹೌಸ್ ಪಟ್ಟಿಗಳಲ್ಲಿ ನೋಡುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಎಲ್ಲ ಮುಗಿಯಿತು ಅಂತ ಅನೇಕರು ಅಂದುಕೊಳ್ಳುತ್ತಾರೆ. ಇಂಥ ಕಪ್ಪುಪಟ್ಟಿಗಳನ್ನು ಬಳಸುವಾಗ ಎರಡು ಅಪಾಯಗಳಿವೆ.

ಸ್ಪ್ಯಾಮ್‌ಹೌಸ್‌ನ ಜೆನ್ ಪಟ್ಟಿ ನಾಲ್ಕೈದು ಪಟ್ಟಿಗಳ ಮಿಶ್ರಣ. ಉತ್ತರ 127.0.0.4 ರಿಂದ 127.0.0.7ರ ನಡುವೆ ಬಂದರೆ ಅದು ಎಕ್ಸ್‌ಬಿಎಲ್, ಅಂದರೆ ಸೋಂಕು ತಗಲಿದ ಯಂತ್ರಗಳು, ತೆರೆದ ಪ್ರಾಕ್ಸಿಗಳು. 127.0.0.10 ಅಥವಾ 11 ಬಂದರೆ ಅದು ಪಿಬಿಎಲ್. ಇಂಥ ಐಪಿಯಿಂದ ನೇರ ಮೇಲ್ ಹೋಗಬಾರದು ಎಂದಷ್ಟೇ ಇದರ ಅರ್ಥ. ಮನೆಯ ಬ್ರಾಡ್‌ಬ್ಯಾಂಡ್, ಮೊಬೈಲ್ ಐಪಿಗಳು ಇದರಲ್ಲಿ ಇರುವುದೇ ಸಹಜ. ಪಿಬಿಎಲ್ ನೋಡಿ ಫೋರಂ ಬಾಗಿಲು ಹಾಕಿದರೆ ಒಳ್ಳೆಯ ಸದಸ್ಯರೇ ಹೊರಗುಳಿಯುತ್ತಾರೆ, ಬಾಡಿಗೆ ಸರ್ವರ್‌ನಲ್ಲಿರುವ ಪ್ರಾಕ್ಸಿ ಆರಾಮಾಗಿ ಒಳಬರುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು. ನಿಮ್ಮ ವಿಪಿಎಸ್ ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಬಳಸುತ್ತಿದ್ದರೆ ಸ್ಪ್ಯಾಮ್‌ಹೌಸ್ ಉತ್ತರ ನಿರಾಕರಿಸಿ 127.255.255.254 ಎಂದು ಕಳಿಸುತ್ತದೆ. ಯಾವ ಉತ್ತರ ಬಂದರೂ ಪಟ್ಟಿಯಲ್ಲಿದೆ ಎಂದುಕೊಳ್ಳುವ ತಂತ್ರಾಂಶದ ಕಣ್ಣಿಗೆ ಆಗ ಜಗತ್ತಿನ ಎಲ್ಲರೂ ಸ್ಪ್ಯಾಮರ್‌ಗಳೇ. ನೋಂದಣಿ ಒಮ್ಮೆಲೇ ಪೂರ್ತಿ ನಿಂತುಹೋದರೆ ಮೊದಲು ಇದನ್ನು ಸಂಶಯಿಸಿ. ಸರ್ವರ್‌ನಲ್ಲೇ ಅನ್‌ಬೌಂಡ್‌ನಂಥ ಸ್ವಂತ ರಿಸಾಲ್ವರ್ (ಡಿಎನ್‌ಎಸ್ ಹುಡುಕುವ ತಂತ್ರಾಂಶ) ಹಾಕಿಕೊಂಡರೆ ಸರಿಹೋಗುತ್ತದೆ.

ಈಗ ನಿಮ್ಮ ಮೊಬೈಲ್ ಸದಸ್ಯರ ವಿಷಯ. ನಮ್ಮಲ್ಲಿ ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸವನ್ನು ಬಹಳ ಜನ ಗ್ರಾಹಕರಿಗೆ ಹಂಚುತ್ತವೆ. ಅದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಶಿರಸಿಯ ಒಬ್ಬರ ಐಪಿ ಬ್ಯಾನ್ ಮಾಡಿದರೆ ತೀರ್ಥಹಳ್ಳಿಯ ಇನ್ಯಾರೋ ಹೊರಗೆ ನಿಲ್ಲಬಹುದು. ಬ್ಯಾನ್ ಆದವರು ಫೋನ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದರೆ ಹೊಸ ವಿಳಾಸ ಸಿಗುತ್ತದೆ, ಪ್ರಾಕ್ಸಿಯೂ ಬೇಕಾಗಿಲ್ಲ. ಪಿಎಚ್‌ಪಿಬಿಬಿಯಲ್ಲಿ ಐಪಿ ಬ್ಯಾನ್ ಮಾಡಿದರೆ ಅತಿಥಿಯಾಗಿ ಓದಲೂ ಬಿಡುವುದಿಲ್ಲ ಎಂಬುದು ನೆನಪಿರಲಿ. ಹಾಗಾಗಿ ಭಾರತದ ಮೊಬೈಲ್ ಐಪಿಯನ್ನು ಶಾಶ್ವತವಾಗಿ ಬ್ಯಾನ್ ಮಾಡಲೇಬೇಡಿ. ಗಲಾಟೆ ನಡೆಯುತ್ತಿರುವಾಗ ತಣ್ಣಗಾಗಲಿ ಎಂದು 1 ಗಂಟೆ ಅಥವಾ 6 ಗಂಟೆಗೆ ಹಾಕಬಹುದು, ಅಷ್ಟೇ.

ಐಪಿವಿ6 ಆದರೆ ಪೂರ್ತಿ ವಿಳಾಸ ಬ್ಯಾನ್ ಮಾಡಿ ಪ್ರಯೋಜನವಿಲ್ಲ. ವಿಳಾಸದ ಕೊನೆಯ 64 ಬಿಟ್‌ಗಳನ್ನು ಫೋನೇ ಗೌಪ್ಯತೆಗಾಗಿ ಆಗಾಗ ಬದಲಿಸಿಕೊಳ್ಳುತ್ತದೆ. ನೋಡಬೇಕಾದ್ದು ಮೊದಲ 64 ಬಿಟ್, ಅಂದರೆ ಮೊದಲ ನಾಲ್ಕು ಗುಂಪು. ಒಂದು ಸಂಪರ್ಕಕ್ಕೆ ಸಾಮಾನ್ಯವಾಗಿ ಒಂದು /64 (ಮೊದಲ 64 ಬಿಟ್ ಒಂದೇ ಆಗಿರುವ ವಿಳಾಸಗಳ ಗುಂಪು) ಸಿಗುವುದರಿಂದ ಅಕ್ಕಪಕ್ಕದವರಿಗೆ ತಾಗುವುದು ಕಡಿಮೆ. ಜಿಯೋದಲ್ಲಿ ಐಪಿವಿ6 ಎಲ್ಲೆಡೆ ಇದೆ. ಕ್ಲೌಡ್‌ಫ್ಲೇರ್ ಇಲ್ಲದವರು ತಮ್ಮ ಸರ್ವರ್‌ನಲ್ಲಿ ಐಪಿವಿ6 ಆಫ್ ಆಗಿದ್ದರೆ ಆನ್ ಮಾಡಿಕೊಳ್ಳಲಿ, ಲಾಗ್‌ಗಳು ಎಷ್ಟೋ ಸ್ಪಷ್ಟವಾಗುತ್ತವೆ.

ಪ್ರಾಕ್ಸಿ ಅಂದರೆಲ್ಲ ಕಳ್ಳರಲ್ಲ. ಒಪೇರಾ ಮಿನಿ ಬಳಸುವವರ ಪುಟಗಳು ಒಪೇರಾದ ಸರ್ವರ್ ಮೂಲಕವೇ ಬರುತ್ತವೆ, ಹಳೆಯ ಫೋನ್ ಇರುವ ರೈತರಲ್ಲಿ ಇದು ಇನ್ನೂ ಇದೆ. ಐಫೋನ್‌ನ ಪ್ರೈವೇಟ್ ರಿಲೇ 2021ರಿಂದ ಇದೆ, ಅದರ ಐಪಿ ಪಟ್ಟಿಯನ್ನು ಆಪಲ್ ಪ್ರಕಟಿಸುತ್ತದೆ. ಬೆಂಗಳೂರಿನ ಐಟಿ ಕಚೇರಿಯಲ್ಲಿ ಕೂತು ಊರಿನ ತೋಟದ ಬಗ್ಗೆ ಬರೆಯುವವರು ಝೀಸ್ಕೇಲರ್‌ನಂಥ ಕಂಪನಿ ಗೇಟ್‌ವೇ ಮೂಲಕ ಬರಬಹುದು. ದುಬೈನಲ್ಲಿರುವ ನಮ್ಮವರು ವಾಟ್ಸಾಪ್ ಕರೆಗಾಗಿ ವಿಪಿಎನ್ ಹಾಕಿದ್ದವರು ಅದನ್ನು ಆಫ್ ಮಾಡದೆ ಫೋರಂ ತೆರೆಯಬಹುದು. ಇವರೆಲ್ಲರ ಮುಖಕ್ಕೆ 403 ಹೊಡೆಯಬಾರದು. ಅವರ ಪೋಸ್ಟ್ ಅನುಮೋದನೆಯ ಸಾಲಿಗೆ ಹೋದರೆ ಸಾಕು.

ತೋಟದಕಟ್ಟೆ

ಇಬ್ಬರಿಗೂ ಧನ್ಯವಾದ. ಐಪಿಗಳು ಕ್ಲೌಡ್‌ಫ್ಲೇರ್‌ನವೇ ಆಗಿದ್ದವು, ಈಗ ಸರಿಮಾಡಿದ್ದೇವೆ. ಬ್ಯಾನ್ ಪಟ್ಟಿಯ ಹಳೆಯ ಐಪಿಗಳನ್ನೆಲ್ಲ ತೆಗೆದೆವು. ಎರಡು ಅನುಮಾನ. ವೆಬ್ ಪ್ರಾಕ್ಸಿ ಒಳಗಿಂದ ಪುಟ ತೆರೆದಾಗ ನಮ್ಮ ಪುಟಕ್ಕೆ ಅದು ಗೊತ್ತಾಗುವ ಹಾಗೆ ಮಾಡಬಹುದೇ? ಮತ್ತೆ, ಸಂಶಯವಿರುವ ಒಂದು ಖಾತೆ ಸಾಮಾನ್ಯ ಬ್ರಾಡ್‌ಬ್ಯಾಂಡ್ ಐಪಿಯಿಂದ ಬಂದಿದೆ, ಆದರೆ ಆ ಐಪಿ ಬೇರೆ ದೇಶದ್ದು. ಇದು ಹೇಗೆ?

ಬೈಟ್‌ಬಳಗ

ಎರಡನೆಯದಕ್ಕೆ ಮೊದಲು ಉತ್ತರ. ಅದು ರೆಸಿಡೆನ್ಷಿಯಲ್ ಪ್ರಾಕ್ಸಿ ಇರಬಹುದು. ಉಚಿತ ವಿಪಿಎನ್ ಅಥವಾ ಆ್ಯಪ್ ಹಾಕಿಕೊಂಡವರ ಮನೆಯ ಸಂಪರ್ಕವನ್ನೇ ಬೇರೆಯವರಿಗೆ ಬಾಡಿಗೆಗೆ ಕೊಡುವ ದಂಧೆ ಇದು. ಹೋಲಾ ಎಂಬ ಉಚಿತ ವಿಪಿಎನ್ ತನ್ನ ಬಳಕೆದಾರರ ಸಂಪರ್ಕವನ್ನು ಹೀಗೆ ಮಾರುತ್ತಿದ್ದದ್ದು 2015ರಲ್ಲಿ ಬಯಲಾಯಿತು. 2024ರ ಮೇನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಮುಚ್ಚಿಸಿದ 911 ಎಸ್5 ಜಾಲದಲ್ಲಿ 1.9 ಕೋಟಿ ಐಪಿ ವಿಳಾಸಗಳಿದ್ದವು. ಇಂಥವನ್ನು ಎಎಸ್ ಸಂಖ್ಯೆಯಿಂದ ಹಿಡಿಯಲಾಗದು, ಯಾಕೆಂದರೆ ಅದು ನಿಜವಾಗಿಯೂ ಯಾರದೋ ಮನೆಯ ಐಪಿ.

ಆದರೆ ಬ್ರೌಸರ್‌ನ ಸಮಯವಲಯ ಸಾಮಾನ್ಯವಾಗಿ ಬದಲಾಗಿರುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಸಮಯವಲಯದ ಹೆಸರು ಕೇಳಿ, ಅದನ್ನು ನೋಂದಣಿ ಫಾರ್ಮಿನ ಗುಪ್ತ ಖಾನೆಯೊಂದರಲ್ಲಿ ಕಳಿಸಿ. ಐಪಿ ಬ್ರೆಜಿಲ್‌ನದು, ಗಡಿಯಾರ ಭಾರತದ್ದು ಎಂದರೆ ನಡುವೆ ಏನೋ ಇದೆ. ಒಂದು ಎಚ್ಚರಿಕೆ: ಕ್ರೋಮ್ ನಮ್ಮ ವಲಯವನ್ನು 'ಏಷ್ಯಾ/ಕಲ್ಕತ್ತಾ' ಎಂದು ಹಳೆಯ ಹೆಸರಿನಿಂದ ಹೇಳುತ್ತದೆ, ಬೇರೆ ಕಡೆ 'ಏಷ್ಯಾ/ಕೋಲ್ಕತಾ' ಬರುತ್ತದೆ. ಒಂದನ್ನೇ ಹುಡುಕಿದರೆ ಅರ್ಧ ಜನ ತಪ್ಪಿಹೋಗುತ್ತಾರೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಿಂದ ತೊಂದರೆಯಿಲ್ಲ, ಅವರ ಐಪಿಯೂ ಗಡಿಯಾರವೂ ಅಲ್ಲಿಯದೇ. ನೋಡಬೇಕಾದ್ದು ಎರಡರ ನಡುವಿನ ವ್ಯತ್ಯಾಸ, ವಿದೇಶದ ಐಪಿ ಎಂಬುದೊಂದನ್ನೇ ಅಲ್ಲ.

ತಿರುಗುಮುರುಗು ಪ್ರಕರಣವೂ ಇದೆ. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್ ಮೊದಲಾದವು ಭಾರತದ ಸರ್ವರ್‌ಗಳನ್ನು ತೆಗೆದವು. ಈಗ ಎಕ್ಸ್‌ಪ್ರೆಸ್‌ವಿಪಿಎನ್‌ನ 'ಭಾರತ' ಎಂಬ ಆಯ್ಕೆಯ ಹಿಂದಿನ ಯಂತ್ರ ಸಿಂಗಪುರದಲ್ಲೋ ಬ್ರಿಟನ್‌ನಲ್ಲೋ ಇರುತ್ತದೆ, ಐಪಿ ಮಾತ್ರ ಭಾರತದ್ದೆಂದು ನೋಂದಣಿಯಾಗಿರುತ್ತದೆ. ಹಾಗಾಗಿ ದೇಶ ಭಾರತ ಎಂದು ಬಂದ ಮಾತ್ರಕ್ಕೆ ಸುಮ್ಮನೆ ಒಳಬಿಡಬೇಡಿ, ಎಎಸ್ ಯಾರದ್ದು ನೋಡಿ.

ಈಗ ವೆಬ್ ಪ್ರಾಕ್ಸಿ. ಸಾಮಾನ್ಯ ವಿಪಿಎನ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ವಿಪಿಎನ್ ಬಳಸಿದಾಗ ಬ್ರೌಸರ್‌ನ ಮೇಲಿನ ವಿಳಾಸದ ಜಾಗದಲ್ಲಿ ನಿಮ್ಮ ತಾಣದ ಹೆಸರೇ ಇರುತ್ತದೆ. ವೆಬ್ ಪ್ರಾಕ್ಸಿಯಲ್ಲಿ ಪುಟ ಪ್ರಾಕ್ಸಿಯ ಡೊಮೇನ್ ಕೆಳಗೆ ತೆರೆದುಕೊಳ್ಳುತ್ತದೆ. ಪ್ರಾಕ್ಸಿ ನಿಮ್ಮ ಪುಟವನ್ನು ತಂದು, ಅದರೊಳಗಿನ ಪ್ರತಿ ಲಿಂಕನ್ನೂ ತನ್ನ ಹೆಸರಿಗೆ ತಿದ್ದಿ ಕೊಡುತ್ತದೆ. ಗ್ಲೈಪ್, ಪಿಎಚ್‌ಪ್ರಾಕ್ಸಿ, ಸಿಜಿಐಪ್ರಾಕ್ಸಿ ಎಂಬ ಹಳೆಯ ಪ್ರಾಕ್ಸಿ ತಂತ್ರಾಂಶಗಳ ಕಾಲದಿಂದ ನಡೆದು ಬಂದ ಕ್ರಮ ಇದು. ಅಂದರೆ ಪುಟದೊಳಗಿನ ಜಾವಾಸ್ಕ್ರಿಪ್ಟ್ ತಾನು ಯಾವ ಹೋಸ್ಟ್‌ನಲ್ಲಿದ್ದೇನೆ (ಯಾವ ತಾಣದ ಹೆಸರಿನಡಿ ತೆರೆದಿದ್ದೇನೆ) ಎಂದು ಕೇಳಿಕೊಂಡರೆ ಉತ್ತರ ನಿಮ್ಮ ಡೊಮೇನ್ ಆಗಿರುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹೋಲಿಸಲೆಂದು ನಿಮ್ಮ ಡೊಮೇನ್ ಹೆಸರನ್ನು ಸ್ಕ್ರಿಪ್ಟ್‌ನಲ್ಲಿ ಹಾಗೇ ಬರೆದರೆ, ಪ್ರಾಕ್ಸಿ ಆ ಹೆಸರನ್ನೂ ಹುಡುಕಿ ತನ್ನ ಹೆಸರಿಗೆ ತಿದ್ದಿಬಿಡುತ್ತದೆ. ಆಮೇಲೆ ಎರಡೂ ಬದಿ ಒಂದೇ, ಪರೀಕ್ಷೆ ಯಾವಾಗಲೂ ಪಾಸ್. ಹಾಗಾಗಿ ಡೊಮೇನ್ ಹೆಸರನ್ನು ಪುಟದಲ್ಲಿ ಇಡಲೇಬೇಡಿ. ಹೋಸ್ಟ್ ಹೆಸರಿನ ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿ ಪಡೆದ ಗುರುತು) ಮಾಡಿ ಗುಪ್ತ ಖಾನೆಯಲ್ಲಿ ಕಳಿಸಿ, ಸರಿಯೋ ತಪ್ಪೋ ಎಂಬುದನ್ನು ಸರ್ವರ್‌ನಲ್ಲಿ ನೋಡಿ. ಖಾನೆ ಖಾಲಿ ಬಂದರೆ ತಿರಸ್ಕರಿಸಬೇಡಿ; ಒಪೇರಾ ಮಿನಿಯಲ್ಲಿ ಜಾವಾಸ್ಕ್ರಿಪ್ಟ್ ಪೂರ್ತಿ ಓಡುವುದಿಲ್ಲ. ಖಾಲಿ ಬಂದದ್ದು ಅನುಮೋದನೆಯ ಸಾಲಿಗೆ ಹೋಗಲಿ. ತಪ್ಪು ಹ್ಯಾಶ್ ಬಂದರೆ ಮಾತ್ರ ನೋಂದಣಿ ನಿಲ್ಲಿಸಿ.

ನೋಂದಣಿ ಪುಟದಲ್ಲಿ ಗೂಗಲ್‌ನ ರಿಕ್ಯಾಪ್ಚಾ (ಬಂದವರು ಮನುಷ್ಯರೇ ಎಂದು ನೋಡುವ ಪರೀಕ್ಷೆ) ಹಾಕಿದರೆ ಇದೇ ಕೆಲಸ ಅರ್ಧ ತಾನಾಗಿ ಆಗುತ್ತದೆ. ಪಿಎಚ್‌ಪಿಬಿಬಿಯಲ್ಲಿ ಅದು ಒಳಗೇ ಇದೆ. ಅದರ ಕೀ ನಿಮ್ಮ ಡೊಮೇನ್‌ಗೆ ಕಟ್ಟಿಹಾಕಿರುವಂಥದ್ದು, ಬೇರೆ ಡೊಮೇನ್ ಕೆಳಗೆ ತೆರೆದರೆ ಕೀ ಈ ಡೊಮೇನ್‌ಗೆ ಸಲ್ಲದು ಎಂಬ ದೋಷ ತೋರಿಸುತ್ತದೆ. ಕೀ ಪಡೆಯುವ ಪುಟದಲ್ಲಿ ಡೊಮೇನ್ ಪರಿಶೀಲನೆ ಆಫ್ ಆಗಿಲ್ಲವೆಂದು ನೋಡಿಕೊಳ್ಳಿ. ಕ್ಲೌಡ್‌ಫ್ಲೇರ್‌ನ ಟರ್ನ್‌ಸ್ಟೈಲ್ ಕೂಡ ಹೀಗೇ, ವಿಜೆಟ್ ಮಾಡುವಾಗ ಹೋಸ್ಟ್ ಹೆಸರು ಕೊಡಬೇಕು. ಎರಡರಲ್ಲೂ ಸರ್ವರ್ ಕಡೆಯ ಪರಿಶೀಲನೆಗೆ ಬರುವ ಉತ್ತರದಲ್ಲಿ 'ಹೋಸ್ಟ್‌ನೇಮ್' ಎಂಬ ಭಾಗ ಇರುತ್ತದೆ, ಸ್ವಂತ ಕೋಡ್ ಬರೆಯುವವರು ಅದನ್ನೂ ಹೋಲಿಸಬೇಕು. ಸರ್ವೀಸ್ ವರ್ಕರ್ (ಬ್ರೌಸರ್‌ನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಇಟ್ಟುಕೊಂಡು ಜಾವಾಸ್ಕ್ರಿಪ್ಟನ್ನೂ ಓಡುವಾಗಲೇ ತಿದ್ದುವ ಹೊಸ ಪ್ರಾಕ್ಸಿಗಳು ಕೆಲವು ಇದನ್ನು ದಾಟಬಲ್ಲವು. ಅವಕ್ಕೆ ಎಎಸ್ ನಿಯಮವೇ ಗತಿ.

ಕನ್ನಡದಲ್ಲಿ 'ಮಳೆಗಾಲದ ಮೊದಲ ನಕ್ಷತ್ರ ಯಾವುದು' ಎಂಬಂಥ ಪ್ರಶ್ನೆ ಕೇಳುವ ಕ್ಯಾಪ್ಚಾ ಬಾಟ್‌ಗಳಿಗೆ ಒಳ್ಳೆಯದು. ಬ್ಯಾನ್ ಆದವರು ನಮ್ಮ ನಿಮ್ಮ ಹಾಗೆ ಕನ್ನಡ ಬಲ್ಲವರು, ಅವರಿಗೆ ಅದು ತಡೆಯಲ್ಲ.

ನಿಮ್ಮ ಸದಸ್ಯರಿಗೂ ಒಂದು ಸೂಚನೆ ಹಾಕಿ: ವೆಬ್ ಪ್ರಾಕ್ಸಿ ಒಳಗೆ ಟೈಪ್ ಮಾಡಿದ ಪಾಸ್‌ವರ್ಡ್ ಆ ಪ್ರಾಕ್ಸಿ ನಡೆಸುವವರಿಗೆ ಪೂರ್ತಿ ಕಾಣುತ್ತದೆ. ಬೀಗದ ಗುರುತು ಇದ್ದರೂ ಅದು ಪ್ರಾಕ್ಸಿವರೆಗೆ ಮಾತ್ರ.

ಪದಶೋಧ

ಐಪಿಯ ಮಾತು ಬಹಳ ಆಯಿತು. ನಾನು ಮಾಡರೇಷನ್ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಮರಳಿ ಬರುವವರು ಕೊನೆಗೂ ಸಿಕ್ಕಿಬೀಳುವುದು ಬರಹದಲ್ಲಿ.

ಪಿಎಚ್‌ಪಿಬಿಬಿಯಲ್ಲಿ ಹೊಸ ಸದಸ್ಯರಿಗೆಂದೇ ಪ್ರತ್ಯೇಕ ಗುಂಪಿದೆ, 3.0.6ರಿಂದ ಬಂದದ್ದು. ಅಡ್ಮಿನ್ ಫಲಕದ ನೋಂದಣಿ ಸೆಟ್ಟಿಂಗ್‌ನಲ್ಲಿ ಹೊಸ ಸದಸ್ಯರ ಪೋಸ್ಟ್ ಮಿತಿ ಎಂದಿರುತ್ತದೆ, ಮೊದಲಿಗೆ 3 ಇರುತ್ತದೆ. ಅದನ್ನು 5 ಮಾಡಿ. ಅಷ್ಟು ಪೋಸ್ಟ್ ಅನುಮೋದನೆಯಾಗುವವರೆಗೆ ಬರೆದದ್ದೆಲ್ಲ ಮಾಡರೇಟರ್ ಸಾಲಿಗೆ ಹೋಗುತ್ತದೆ. ಬೈಗುಳ ಬರೆಯಲೆಂದೇ ಬರುವವರಿಗೆ ಬೇಕಾದ್ದು ಜನ ತಕ್ಷಣ ಓದುವುದು. ಅದು ಸಿಗದಿದ್ದರೆ ಪ್ರಾಕ್ಸಿ ಹುಡುಕಿ, ಹೊಸ ಇಮೇಲ್ ಮಾಡಿ, ಮತ್ತೆ ಬರುವ ಶ್ರಮಕ್ಕೆ ಅರ್ಥವಿಲ್ಲದಂತಾಗುತ್ತದೆ. ಈ ಒಂದು ಸೆಟ್ಟಿಂಗ್ ಮೇಲಿನ ಎಲ್ಲ ಐಪಿ ಪಟ್ಟಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಖಾಸಗಿ ಸಂದೇಶದ ಅನುಮತಿಯನ್ನೂ ಆ ಗುಂಪಿಗೆ 'ನೆವರ್' ಮಾಡಿ. 'ನೋ' ಮಾಡಿದರೆ ಬೇರೆ ಗುಂಪಿನ 'ಯೆಸ್' ಅದನ್ನು ಮೀರುತ್ತದೆ, 'ನೆವರ್' ಅನ್ನು ಯಾವುದೂ ಮೀರುವುದಿಲ್ಲ. ಈ ಕಿಂಡಿ ಮುಚ್ಚದಿದ್ದರೆ ಪೋಸ್ಟ್ ಬಿಟ್ಟು ಸದಸ್ಯರ ಇನ್‌ಬಾಕ್ಸ್‌ಗೆ ಹೋಗಿ ಬೈಯುತ್ತಾರೆ.

ಅನುಮೋದನೆ ತಡವಾದರೆ ಒಳ್ಳೆಯ ಹೊಸಬರು ಬೇಸತ್ತು ಹೋಗುತ್ತಾರೆ. ಬೆಳಗ್ಗೆ, ಸಂಜೆ, ರಾತ್ರಿ ಯಾರಾದರೂ ಒಬ್ಬರು ಸಾಲು ನೋಡುವ ಹಾಗೆ ಮಾಡರೇಟರ್‌ಗಳು ಪಾಳಿ ಹಂಚಿಕೊಳ್ಳಿ. ಡಿಸ್ಕೋರ್ಸ್ ಎಂಬ ಇನ್ನೊಂದು ಫೋರಂ ತಂತ್ರಾಂಶ ಬಳಸುವವರಿಗೆ ಇದೇ ಬಗೆಯ ಟ್ರಸ್ಟ್ ಲೆವೆಲ್ (ನಂಬಿಕೆಯ ಹಂತ) ಇದೆ: ಸೊನ್ನೆಯಿಂದ ಒಂದಕ್ಕೆ ಏರಲು 5 ವಿಷಯ ತೆರೆದು, 30 ಪೋಸ್ಟ್ ಓದಿ, 10 ನಿಮಿಷ ಕಳೆದಿರಬೇಕು.

ಇನ್ನು ಕನ್ನಡ ಪಠ್ಯದ ಗುರುತು. ಕನ್ನಡ ಟೈಪ್ ಮಾಡುವಾಗ ಪ್ರತಿಯೊಬ್ಬರ ಬೆರಳಿಗೂ ಒಂದು ಚಾಳಿ ಇರುತ್ತದೆ. ಕೆಲವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತುತ್ತಾರೆ: 'ಬಂದರು' ಎಂಬುದು 'ಬ೦ದರು' ಆಗುತ್ತದೆ, ಕಣ್ಣಿಗೆ ಒಂದೇ, ಹುಡುಕಾಟದಲ್ಲಿ ಬೇರೆ. 'ಸಾಫ್ಟ್‌ವೇರ್'ನಂಥ ಪದದ ನಡುವೆ ಒತ್ತಕ್ಷರ ಬಿಡಿಸುವ ಅಗೋಚರ ಚಿಹ್ನೆ ಕೆಲವರು ಹಾಕುತ್ತಾರೆ, ಕೆಲವರು ಇಲ್ಲ. 'ಸೂರ್ಯ'ದಲ್ಲಿ ಅರ್ಕಾವೊತ್ತು ಬರುವುದೋ, ರಕಾರದ ಕೆಳಗೆ ಯಕಾರದ ಒತ್ತು ಬರುವುದೋ ಎಂಬುದು ಕೀಲಿಮಣೆಗೂ ರೂಢಿಗೂ ಸೇರಿದ್ದು. 'ನುಡಿ' ತಂತ್ರಾಂಶದ ಕಡತದಿಂದ ಪರಿವರ್ತಿಸಿ ಅಂಟಿಸುವವರ ಪಠ್ಯದಲ್ಲಿ ಅದರದೇ ಆದ ತಪ್ಪುಗಳು ಉಳಿದುಕೊಂಡಿರುತ್ತವೆ. ಹಳೆಯ ಖಾತೆಯ ಇಪ್ಪತ್ತು ಪೋಸ್ಟ್, ಹೊಸ ಖಾತೆಯ ಐದು ಪೋಸ್ಟ್ ಪಕ್ಕಪಕ್ಕ ಇಟ್ಟು ಇವನ್ನು ನೋಡಿ. ಹೆಸರು ಬದಲಿಸುವುದು ಸುಲಭ, ಬೆರಳಿನ ರೂಢಿ ಬದಲಿಸುವುದು ಕಷ್ಟ. ಆದರೆ ಒಂದೇ ಗುರುತು ಸಿಕ್ಕರೆ ತೀರ್ಪು ಕೊಡಬೇಡಿ. ಅನುಸ್ವಾರಕ್ಕೆ ಸೊನ್ನೆ ಒತ್ತುವವರು ಸಾಕಷ್ಟು ಜನ ಇದ್ದಾರೆ. ಮೂರು ನಾಲ್ಕು ಗುರುತು ಕೂಡಿ, ಬರುವ ಹೊತ್ತು, ಕೆಣಕುವ ಸದಸ್ಯರು, ಎತ್ತುವ ವಿಷಯ ಇವೂ ಹೊಂದಿದರೆ ಕ್ರಮ ತೆಗೆದುಕೊಳ್ಳಿ.

ಇದೇ ಕಾರಣಕ್ಕೆ ಬಳಕೆದಾರರ ಹೆಸರನ್ನೂ ಕಾಯಬೇಕು. ಬ್ಯಾನ್ ಆದ 'ನಂದನ' ಮತ್ತೆ 'ನ೦ದನ' ಎಂದು ಸೊನ್ನೆ ಹಾಕಿ ನೋಂದಾಯಿಸಿಕೊಂಡರೆ ತಂತ್ರಾಂಶಕ್ಕೆ ಅದು ಹೊಸ ಹೆಸರಾಗಿ ಕಾಣಬಹುದು. ಅಡ್ಮಿನ್ ಹೆಸರನ್ನೇ ಹೀಗೆ ನಕಲು ಮಾಡಿದರೆ ಇನ್ನೂ ಅಪಾಯ. 'ಕೊ' ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಊಕಾರ ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು. ಈ ಜೋಡಿಯನ್ನು ಯೂನಿಕೋಡ್‌ನ ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಏಕರೂಪ ಮಾಡುವ ಕ್ರಮ) ಒಂದುಗೂಡಿಸುತ್ತದೆ. ಸೊನ್ನೆ ಮತ್ತು ಅನುಸ್ವಾರವನ್ನು ಅದು ಒಂದು ಮಾಡುವುದಿಲ್ಲ, ಅಗೋಚರ ಚಿಹ್ನೆಗಳನ್ನೂ ತೆಗೆಯುವುದಿಲ್ಲ. ಆ ಎರಡಕ್ಕೆ ನೀವೇ ನಿಯಮ ಬರೆಯಬೇಕು: ಅಕ್ಷರದ ಪಕ್ಕದ ಸೊನ್ನೆಯನ್ನು ಅನುಸ್ವಾರ ಮಾಡಿ, ಜೀರೋ ವಿಡ್ತ್ ಜಾಯ್ನರ್ ಮತ್ತು ನಾನ್ ಜಾಯ್ನರ್ ಎಂಬ ಅಗೋಚರ ಚಿಹ್ನೆ ಎರಡನ್ನೂ ತೆಗೆದು, ಉಳಿದದ್ದನ್ನು ಹಳೆಯ ಹೆಸರುಗಳ ಜೊತೆ ಹೋಲಿಸಿ. ಬೈಗುಳ ತಡೆಯುವ ಪದಪಟ್ಟಿಗೂ ಇದೇ ಶೋಧನೆ ಹಾಕಿ, ಇಲ್ಲವಾದರೆ ಪದದ ನಡುವೆ ಒಂದು ಅಗೋಚರ ಚಿಹ್ನೆ ತುರುಕಿ ದಾಟುತ್ತಾರೆ.

ಇಮೇಲ್‌ನಲ್ಲೂ ಹಾಗೇ. ಜಿಮೇಲ್ ಚುಕ್ಕಿಗಳನ್ನು ಲೆಕ್ಕಕ್ಕಿಡುವುದಿಲ್ಲ, ಕೂಡು ಚಿಹ್ನೆಯ ನಂತರದ್ದನ್ನು ಬಿಟ್ಟುಬಿಡುತ್ತದೆ. ಒಂದೇ ಖಾತೆಯಿಂದ ಎಷ್ಟು ಬೇಕಾದರೂ ವಿಳಾಸ ಹುಟ್ಟುತ್ತವೆ. ಹೋಲಿಸುವ ಮೊದಲು ಎರಡನ್ನೂ ತೆಗೆಯಿರಿ. ಹತ್ತು ನಿಮಿಷ ಬಾಳುವ ಇಮೇಲ್ ಕೊಡುವ ಡೊಮೇನ್‌ಗಳನ್ನು ನಕ್ಷತ್ರ ಚಿಹ್ನೆ ಹಾಕಿ ಇಮೇಲ್ ಬ್ಯಾನ್ ಪಟ್ಟಿಗೆ ಸೇರಿಸಿ.

ಸಹ್ಯಾದ್ರಿ

ಪದಶೋಧ ಅವರು ಹೇಳಿದ ಅನುಮೋದನೆ ಸಾಲಿಗೇ ನನ್ನ ಮತವೂ. ಬ್ಯಾನ್ ಆದವರಿಗೆ ಗೊತ್ತಾಗದಂತೆ ಅವರ ಪೋಸ್ಟ್ ಅವರಿಗೆ ಮಾತ್ರ ಕಾಣುವ ಹಾಗೆ ಮಾಡುವುದು ಬೇಡ. ಕ್ಸೆನ್‌ಫೋರೋ ಎಂಬ ಫೋರಂ ತಂತ್ರಾಂಶದಲ್ಲಿ ಪುಟ ನಿಧಾನ ಮಾಡಿ ಬೇಸರ ಹಿಡಿಸುವ 'ಡಿಸ್ಕರೇಜ್' ಸೌಲಭ್ಯವೂ ಇದೆ. ಪ್ರಾಕ್ಸಿ ಬಳಸಲು ಬಲ್ಲವರು ಲಾಗ್‌ಔಟ್ ಆಗಿ ಒಮ್ಮೆ ನೋಡಿದರೆ ಮುಗಿಯಿತು, ಎಲ್ಲ ಗೊತ್ತಾಗುತ್ತದೆ, ಆಮೇಲೆ ಕೋಪ ಇಮ್ಮಡಿ. ಯಾಕೆ ಬ್ಯಾನ್, ಎಷ್ಟು ದಿನ, ಯಾರಿಗೆ ಮೇಲ್ ಮಾಡಿ ಕೇಳಬಹುದು ಎಂದು ಬ್ಯಾನ್ ಸಂದೇಶದಲ್ಲೇ ಬರೆಯಿರಿ. 'ಶಾಶ್ವತ' ಎಂದರೆ ಹೊಸ ಖಾತೆ ತೆರೆಯದೆ ಬೇರೆ ದಾರಿಯಿಲ್ಲ ಎಂದೇ ಅವರಿಗೆ ಅನಿಸುತ್ತದೆ. 'ಒಂದು ತಿಂಗಳು, ನಡುವೆ ಬೇರೆ ಖಾತೆಯಲ್ಲಿ ಬಂದರೆ ಅಂದಿನಿಂದ ಮತ್ತೆ ಒಂದು ತಿಂಗಳು' ಎಂಬುದಕ್ಕೆ ಕಾಯುವವರು ಸಿಗುತ್ತಾರೆ.

ಮೊಬೈಲ್ ಒಟಿಪಿ ಹಾಕೋಣ ಎಂಬ ಯೋಚನೆ ಬಂದರೆ ಖರ್ಚು ನೋಡಿಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಸಂದೇಶ ಕಳಿಸುವವರು ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆಯಾಗಿ ನೋಂದಾಯಿಸಿಕೊಂಡು, ಹೆಡರ್ (ಸಂದೇಶ ಕಳಿಸುವವರ ಹೆಸರು) ಪಡೆದು, ಪ್ರತಿ ಸಂದೇಶದ ಮಾದರಿಗೂ ಒಪ್ಪಿಗೆ ಪಡೆಯಬೇಕು. ಹವ್ಯಾಸಕ್ಕೆ ನಡೆಯುವ ಫೋರಂಗೆ ಇದು ಭಾರ. ಫೋನ್ ನಂಬರ್ ಸಂಗ್ರಹಿಸಿದರೆ ಅದನ್ನು ಕಾಯುವ ಹೊಣೆಯೂ ನಿಮ್ಮದೇ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ.

ಬ್ಯಾನ್ ಮಾಡಿದ ಖಾತೆಯನ್ನು ಸಿಟ್ಟಿನಲ್ಲಿ ಅಳಿಸಿಬಿಡಬೇಡಿ. 2021ರ ಐಟಿ ನಿಯಮಗಳ ಪ್ರಕಾರ ನೋಂದಣಿ ರದ್ದಾದ ಮೇಲೂ ಆ ವಿವರವನ್ನು 180 ದಿನ ಇಟ್ಟಿರಬೇಕು. ಬರಹ ಹೋಲಿಸಲು ಹಳೆಯ ಪೋಸ್ಟ್‌ಗಳು ನಿಮಗೂ ಬೇಕು. ಪಿಎಚ್‌ಪಿಬಿಬಿಯಲ್ಲಿ ಖಾತೆ ಅಳಿಸುವಾಗ 'ಪೋಸ್ಟ್‌ಗಳನ್ನೂ ಅಳಿಸು' ಎಂದು ಆರಿಸಿದರೆ ಐಪಿ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ.

ತೋಟದಕಟ್ಟೆ

ಹೊಸಬರ ಪೋಸ್ಟ್ ಮಿತಿ 5 ಮಾಡಿ, ಖಾಸಗಿ ಸಂದೇಶ 'ನೆವರ್' ಮಾಡಿದ್ದೇವೆ. ಎಎಸ್ ನಿಯಮವನ್ನು ನೋಂದಣಿ ಪುಟಕ್ಕಷ್ಟೇ ಹಾಕಿದ್ದೇವೆ. ಹೆಸರಿನ ಸೊನ್ನೆ ಶೋಧನೆಯನ್ನು ಎಕ್ಸ್‌ಟೆನ್ಷನ್ (ಪಿಎಚ್‌ಪಿಬಿಬಿಗೆ ಸೇರಿಸುವ ಹೆಚ್ಚುವರಿ ಕೋಡ್) ಆಗಿ ಬರೆಯಬೇಕೋ, ಅಥವಾ ಅಡ್ಮಿನ್ ಫಲಕದ ಸೆಟ್ಟಿಂಗ್‌ನಲ್ಲೇ ಆಗುತ್ತದೋ?

ಪದಶೋಧ

ನೋಂದಣಿ ಸೆಟ್ಟಿಂಗ್‌ನಲ್ಲಿ ಹೆಸರಿಗೆ ಯಾವ ಅಕ್ಷರ ಬಳಸಬಹುದು ಎಂಬ ಆಯ್ಕೆ ಇದೆ, ಆದರೆ ಅಂಕಿ ಯಾವಾಗಲೂ ಅದರೊಳಗೆ ಸೇರಿಕೊಂಡಿರುತ್ತದೆ, ಕನ್ನಡದ ಸೊನ್ನೆ ಮಾತ್ರ ಬೇಡ ಎನ್ನಲು ಅಲ್ಲಿ ಜಾಗವಿಲ್ಲ. ಸದ್ಯಕ್ಕೆ ಅನುಮತಿಯಿಲ್ಲದ ಹೆಸರುಗಳ ಪಟ್ಟಿಗೆ ನಕ್ಷತ್ರ, ಕನ್ನಡ ಸೊನ್ನೆ, ನಕ್ಷತ್ರ ಹೀಗೆ ಒಂದು ಸಾಲು ಸೇರಿಸಿ. ಎಲ್ಲಾದರೂ ಆ ಸೊನ್ನೆ ಇರುವ ಹೆಸರನ್ನು ಇದು ತಡೆಯಬೇಕು, ಬೇರೆ ಹೆಸರುಗಳಿಗೆ ಅಡ್ಡಿಯಾಗುತ್ತಿಲ್ಲ ಎಂಬುದನ್ನೂ ಪರೀಕ್ಷಾ ಖಾತೆಯಿಂದ ಒಮ್ಮೆ ನೋಡಿಕೊಳ್ಳಿ. ಕನ್ನಡ ಅಂಕಿಯಲ್ಲಿ 10, 20 ಎಂದು ಹೆಸರಿಗೆ ಸೇರಿಸುವವರು ಸಿಕ್ಕಿಕೊಳ್ಳಬಹುದು, ಅಂಥವರು ಬಹಳ ಕಡಿಮೆ. ಅಗೋಚರ ಚಿಹ್ನೆಗಳಿಗೆ ಎಕ್ಸ್‌ಟೆನ್ಷನ್ನೇ ಬೇಕು. ನೋಂದಣಿ ವಿವರ ಪರಿಶೀಲನೆಯಾಗುವ ಹಂತದ ಈವೆಂಟ್‌ಗೆ ಅದನ್ನು ಜೋಡಿಸಿ, ಸದಸ್ಯರು ಆಮೇಲೆ ಹೆಸರು ಬದಲಿಸಲು ನೀವು ಅವಕಾಶ ಕೊಟ್ಟಿದ್ದರೆ ಆ ಪುಟಕ್ಕೂ ಸೇರಿಸಿ.